ಕೋಳಿ ಕಾವಿಗೆ ಕೂತರೆ ಏನು ಮಾಡಬೇಕು: ನಮ್ಮ ಬಿಸಿಲಿಗೆ ತಕ್ಕ ಹಿತ್ತಲ ಕೋಳಿ ಸಾಕಣೆ

ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಜವಾರಿ (ನಾಟಿ) ಕೋಳಿ ಒಂದು ದಿನ ಇದ್ದಕ್ಕಿದ್ದಂತೆ ಬುಟ್ಟಿ ಬಿಟ್ಟು ಏಳುವುದಿಲ್ಲ. ಕೈ ಚಾಚಿದರೆ ಪುಕ್ಕ ಉಬ್ಬಿಸಿ ಗುರ್ರ್ ಎನ್ನುತ್ತದೆ, ಕುಕ್ಕುತ್ತದೆ. ಹೊಸದಾಗಿ ಕೋಳಿ ಸಾಕುವವರು ಇದಕ್ಕೇನೋ ರೋಗ ಬಂತು ಅಂದುಕೊಳ್ಳುತ್ತಾರೆ. ಹಳಬರು ಕೆಲವರು ಅದನ್ನು ಮುಳುಗಿಸಿ ಎಬ್ಬಿಸಲು ನೀರಿನ ಬಕೆಟ್ ಹುಡುಕುತ್ತಾರೆ. ಎರಡೂ ಬೇಡ. ಅದು ಮರಿ ಮಾಡಲು ಕಾವಿಗೆ ಕೂತಿದೆ, ಅಷ್ಟೆ. ನೀವು ಮಾಡಬೇಕಾದ್ದು ಒಂದು ತೀರ್ಮಾನ: ಕೂರಿಸುವುದೋ, ಎಬ್ಬಿಸುವುದೋ. ಆ ತೀರ್ಮಾನ ಒಂದೆರಡು ದಿನದಲ್ಲೇ ಆಗಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಆ ತೀರ್ಮಾನವನ್ನು ಬಹುಪಾಲು ಬಿಸಿಲೇ ಹೇಳಿಕೊಡುತ್ತದೆ.

ಆದರೆ ಕಾವಿನ ಮಾತಿಗೆ ಮುಂಚೆ ಕೋಳಿ ಯಾವುದು, ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ ಅನ್ನುವುದನ್ನು ನೋಡಬೇಕು. ಅದು ಸರಿ ಇಲ್ಲದೆ ಕಾವು ಸಂಭಾಳಿಸಲು ಆಗುವುದಿಲ್ಲ.

ಯಾವ ಕೋಳಿ ತರಬೇಕು?

ಜವಾರಿ ಕೋಳಿ ವರ್ಷಕ್ಕೆ ಸುಮಾರು 50–60 ಮೊಟ್ಟೆ ಕೊಡುತ್ತದೆ. ಕಡಿಮೆ ಅನಿಸುತ್ತೆ ಅಲ್ವಾ? ಅದರ ಲೆಕ್ಕ ಹೀಗಿದೆ. ಹದಿನೈದಿಪ್ಪತ್ತು ದಿನ ಮೊಟ್ಟೆ ಇಡುತ್ತದೆ, ಆಮೇಲೆ 21 ದಿನ ಕಾವಿಗೆ ಕೂರುತ್ತದೆ, ಆಮೇಲೆ ಎರಡು ತಿಂಗಳಿಗೂ ಜಾಸ್ತಿ ಮರಿ ಮೇಯಿಸಿಕೊಂಡು ತಿರುಗುತ್ತದೆ. ಮೂರೂವರೆ ತಿಂಗಳು ಹೋಯಿತು. ವರ್ಷಕ್ಕೆ ಮೂರು ಸುತ್ತು, ಹೆಚ್ಚೆಂದರೆ ನಾಲ್ಕು. ಕೋಳಿಯಲ್ಲಿ ಕೊರತೆ ಇಲ್ಲ, ಅದರ ಸಮಯವೆಲ್ಲ ಮರಿಗೆ ಹೋಗುತ್ತದೆ.

ಸುಧಾರಿತ ತಳಿಗಳು ಬೇರೆ. ಗಿರಿರಾಜ, ಸ್ವರ್ಣಧಾರ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿಗಳು. ಗ್ರಾಮಪ್ರಿಯ, ವನರಾಜ ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯವು. ಕಾವೇರಿ ಹೆಸರಘಟ್ಟದ್ದು. ಸ್ವರ್ಣಧಾರ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಕೊಡುತ್ತದೆ. ಆದರೆ ಈ ತಳಿಗಳಲ್ಲಿ ಕಾವಿಗೆ ಕೂರುವ ಗುಣವೇ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಹಿಂದಿರುಗಿ ನೋಡುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಒಂದು ಮನೆಗೆ ನಾಲ್ಕು ಸ್ವರ್ಣಧಾರ ಅಥವಾ ಗ್ರಾಮಪ್ರಿಯ, ಜೊತೆಗೆ ಎರಡು ಜವಾರಿ ಸರಿಯಾದ ಲೆಕ್ಕ. ಮೊದಲನೆಯವು ಮೊಟ್ಟೆಗೆ, ಜವಾರಿ ಕಾವಿಗೆ. ಬರೀ ತಿನ್ನುವ ಮೊಟ್ಟೆ ಸಾಕು ಅಂದರೆ ಹುಂಜವೇ ಬೇಡ, ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಪಕ್ಕದ ಮನೆಯವರಿಗೂ ಬೆಳಗಿನ ಜಾವ ನೆಮ್ಮದಿ. ಮರಿ ಬೇಕೆಂದರೆ ಎಂಟು ಹತ್ತು ಕೋಳಿಗೆ ಒಂದು ಹುಂಜ ಸಾಕು.

ಬುಟ್ಟಿಯಲ್ಲಿ ಬಣ್ಣ ಹಚ್ಚಿದ ಮರಿ ಇಟ್ಟುಕೊಂಡು ಓಣಿ ಓಣಿ ಮಾರಲು ಬರುತ್ತಾರಲ್ಲ, ಅವನ್ನು ಮೊಟ್ಟೆಯ ಆಸೆಗೆ ತಗೋಬೇಡಿ. ಹೆಚ್ಚಾಗಿ ಅವು ಫಾರಂನವರಿಗೆ ಬೇಡವಾದ ಹುಂಜ ಮರಿಗಳು. ಮರಿ ಬೇಕಾದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ರಾಯಚೂರು, ಗಂಗಾವತಿ ಅಥವಾ ಬಳ್ಳಾರಿ ಹತ್ತಿರದ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಎಲ್ಲಿ ಸಿಗುತ್ತವೆ ಅಂತ ದಾರಿ ಹೇಳುತ್ತಾರೆ.

ಗೂಡು

ಒಂದು ಕೋಳಿಗೆ ಒಳಗೆ ಎರಡು ಚದರಡಿ ಜಾಗ ಸಾಕು, ಹಗಲು ಹೇಗೂ ಹಿತ್ತಲಲ್ಲಿ ತಿರುಗುತ್ತವೆ. ಉದ್ದದ ಗೋಡೆಗಳು ಉತ್ತರಕ್ಕೆ ಮತ್ತು ದಕ್ಷಿಣಕ್ಕೆ ಮುಖ ಮಾಡಿರಲಿ, ಬೆಳಗ್ಗೆ ಸಂಜೆಯ ಬಿಸಿಲು ನೇರ ಒಳಗೆ ಬರುವುದಿಲ್ಲ. ಬೇವಿನ ಗಿಡದ ಕೆಳಗಾದರೆ ಇನ್ನೂ ಒಳ್ಳೆಯದು. ತಗಡಿನ ಶೀಟ್ ಹಾಕಿದ್ದರೆ ಅದರ ಮೇಲೆ ಜೋಳದ ದಂಟು ಅಥವಾ ನೆಲ್ಲು ಹುಲ್ಲು ದಪ್ಪಗೆ ಹೊದಿಸಿ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು, ಬರೀ ತಗಡಿನ ಕೆಳಗೆ ಕೋಳಿ ಬದುಕುವುದೇ ಕಷ್ಟ.

ಗೋಡೆಯ ಬಿರುಕು ಮುಚ್ಚಿ. ಉಣ್ಣೆ ಹಗಲೆಲ್ಲ ಅಲ್ಲೇ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಜಾಲರಿಯ ಕಣ್ಣು ಸಣ್ಣದಿರಲಿ. ಬೆಕ್ಕು, ಮುಂಗುಸಿ, ಹಾವು ಮೂರಕ್ಕೂ ಕೋಳಿ ಗೂಡಿನ ದಾರಿ ಗೊತ್ತು. ಒಳಗೆ ಅಡ್ಡ ಕೋಲು ಕಟ್ಟಿ, ರಾತ್ರಿ ಅದರ ಮೇಲೆ ಕೂರಲಿ. ಮೊಟ್ಟೆ ಇಡಲು ಒಂದಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆ ಅಥವಾ ಬುಟ್ಟಿ, ನಾಲ್ಕೈದು ಕೋಳಿಗೆ ಒಂದು. ಅದು ಮಬ್ಬುಗತ್ತಲೆಯ ಮೂಲೆಯಲ್ಲಿರಲಿ, ಕೂರುವ ಕೋಲಿಗಿಂತ ಕೆಳಗಿರಲಿ. ಮೇಲಿದ್ದರೆ ರಾತ್ರಿ ಅಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆ ಗಲೀಜು ಮಾಡುತ್ತವೆ.

ಮೇವು, ನೀರು

ಮೊಟ್ಟೆ ಇಡುವ ಕೋಳಿ ದಿನಕ್ಕೆ 100–120 ಗ್ರಾಂ ತಿನ್ನುತ್ತದೆ. ಹಿತ್ತಲಲ್ಲಿ ಹುಳ, ಸೊಪ್ಪು, ಮನೆಯ ಮಿಕ್ಕ ಅನ್ನ ಸಿಕ್ಕರೆ ಅಷ್ಟರಲ್ಲಿ ಅರ್ಧ ಉಳಿಯುತ್ತದೆ. ನಮ್ಮ ಕಡೆ ಜೋಳ, ಸಜ್ಜೆ, ಮೆಕ್ಕೆಜೋಳಕ್ಕೆ ಬರವಿಲ್ಲ. ಸಿಂಧನೂರು, ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ನುಚ್ಚು, ತೌಡು ಸಿಗುತ್ತದೆ. ಆದರೆ ಬರೀ ಕಾಳು ಹಾಕಿದರೆ ಕೋಳಿ ಕೊಬ್ಬುತ್ತದೆಯೇ ಹೊರತು ಮೊಟ್ಟೆ ಜಾಸ್ತಿ ಇಡುವುದಿಲ್ಲ. ಮೊಟ್ಟೆಗೆ ಪ್ರೋಟೀನ್ ಬೇಕು. ಶೇಂಗಾ ಹಿಂಡಿ, ನುಗ್ಗೆ ಸೊಪ್ಪು, ಕುದುರೆ ಮೆಂತ್ಯ, ನೀರಲ್ಲಿ ಬೆಳೆಯುವ ಅಜೋಲಾ, ಯಾವುದಾದರೂ ಸೇರಿಸಿ. ಶೇಂಗಾ ಹಿಂಡಿಗೆ ಬೂಸ್ಟು ಹಿಡಿದಿದ್ದರೆ ಎಸೆದುಬಿಡಿ, ಆ ಬೂಸ್ಟಿನ ವಿಷ ಕೋಳಿಯ ಲಿವರ್ ಹಾಳು ಮಾಡುತ್ತದೆ.

ರಾಯಚೂರಿನವರು ವಿಶೇಷವಾಗಿ ಗಮನಿಸಬೇಕಾದ್ದು ಹತ್ತಿಕಾಳು ಹಿಂಡಿ. ದನಕ್ಕೆ ತಂದಿದ್ದು ಮನೆಯಲ್ಲಿ ಇರುತ್ತದೆ, ಕೋಳಿಗೂ ಒಂದು ಹಿಡಿ ಹಾಕೋಣ ಅನಿಸುತ್ತದೆ. ಬೇಡ. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ಕೋಳಿಗೆ ಒಗ್ಗುವುದಿಲ್ಲ. ಅದನ್ನು ತಿಂದ ಕೋಳಿಯ ಮೊಟ್ಟೆಯನ್ನು ನಾಲ್ಕು ದಿನ ಇಟ್ಟು ಒಡೆದರೆ ಹಳದಿ ಭಾಗ ಹಸಿರು ಮಿಶ್ರಿತ ಕಂದಾಗಿರಬಹುದು, ನೋಡಿದವರು ಕೆಟ್ಟಿದೆ ಅಂತ ಚೆಲ್ಲುತ್ತಾರೆ.

ಚಿಪ್ಪಿಗೆ ಕ್ಯಾಲ್ಸಿಯಂ ಬೇಕು. ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪನ್ನು ಒಣಗಿಸಿ ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಪುಡಿ ಮಾಡದೆ ಹಾಗೇ ಹಾಕಿದರೆ ಮೊಟ್ಟೆ ಒಡೆದು ಕುಡಿಯುವ ಚಟ ಕಲಿಯುತ್ತವೆ.

ನೀರು ದಿನಕ್ಕೆ ಒಂದು ಕೋಳಿಗೆ ಕಾಲು ಲೀಟರ್. ಬೇಸಿಗೆಯಲ್ಲಿ ಅದರ ಎರಡರಷ್ಟು. ಮಣ್ಣಿನ ಕುಂಡದಲ್ಲಿ ನೆರಳಲ್ಲಿ ಇಡಿ, ಮಧ್ಯಾಹ್ನ ಒಮ್ಮೆ ಬದಲಿಸಿ. ಬಿಸಿ ನೀರು ಕೋಳಿ ಕುಡಿಯುವುದಿಲ್ಲ, ನೀರು ಕುಡಿಯದ ಕೋಳಿ ಮೇವೂ ತಿನ್ನುವುದಿಲ್ಲ, ಮೊಟ್ಟೆ ಅಲ್ಲಿಗೇ ನಿಲ್ಲುತ್ತದೆ.

ಮೊಟ್ಟೆ ದಿನಕ್ಕೆ ಎರಡು ಸಲ ತೆಗೆಯಿರಿ

ಕಾವಿನ ಅರ್ಧ ಕಥೆ ಇಲ್ಲೇ ಇದೆ. ಗೂಡಲ್ಲಿ ಮೊಟ್ಟೆ ಗುಡ್ಡೆ ಬಿದ್ದಷ್ಟೂ ಕೋಳಿಗೆ ಕೂರುವ ಮನಸ್ಸಾಗುತ್ತದೆ. ಮೊಟ್ಟೆಯ ಸ್ಪರ್ಶ ಹೊಟ್ಟೆಗೆ ತಾಗುತ್ತಾ ಹೋದಂತೆ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಅದು ಏರಿದರೆ ಮೊಟ್ಟೆ ಕಟ್ಟುವುದು ನಿಲ್ಲುತ್ತದೆ. ಹಾಗಾಗಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ.

ಬೇಸಿಗೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ. ಹುಂಜ ಇರುವ ಮನೆಯ ಮೊಟ್ಟೆಯಲ್ಲಿ ಜೀವ ಇರುತ್ತದೆ. ಮೇ ತಿಂಗಳಲ್ಲಿ ನಮ್ಮ ಮನೆಯ ಒಳಗೇ 35 ಡಿಗ್ರಿ ಮೇಲಿರುತ್ತದೆ, ಕೋಳಿ ಕೂರದೆಯೇ ಮೊಟ್ಟೆಯೊಳಗೆ ಮರಿ ಕಟ್ಟಲು ಶುರುವಾಗುತ್ತದೆ, ಆದರೆ ಅದು ಪೂರ್ತಿಯಾಗುವ ಹದದ ಕಾವು ಸಿಗದೆ ಸತ್ತುಹೋಗುತ್ತದೆ. ತಿನ್ನಲೂ ಬರುವುದಿಲ್ಲ, ಮರಿಗೂ ಆಗುವುದಿಲ್ಲ. ತೆಗೆದ ಮೊಟ್ಟೆಯನ್ನು ತಂಪಲ್ಲಿ ಇಡಿ. ಅಗಲ ಬಾಯಿಯ ಗಡಿಗೆಯಲ್ಲಿ ಅರ್ಧಕ್ಕೆ ಒದ್ದೆ ಮರಳು ತುಂಬಿ, ಅದರ ಮೇಲೆ ಸಣ್ಣ ಒಣ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು, ತೆಳು ಬಟ್ಟೆ ಮುಚ್ಚಿದರೆ ಕೋಣೆಗಿಂತ ಚೆನ್ನಾಗಿ ತಂಪಿರುತ್ತದೆ.

ಕಾವೋ, ರೋಗವೋ?

ಕಾವಿಗೆ ಕೂತ ಕೋಳಿ ಚುರುಕಾಗಿರುತ್ತದೆ. ಕಣ್ಣು ತೆರೆದಿರುತ್ತದೆ, ಹತ್ತಿರ ಹೋದರೆ ಉಬ್ಬುತ್ತದೆ, ಎಬ್ಬಿಸಿ ಹೊರಗೆ ಬಿಟ್ಟರೆ ಲೊಕ್ ಲೊಕ್ ಅನ್ನುತ್ತಾ ನಾಲ್ಕು ಕಾಳು ತಿಂದು ಮತ್ತೆ ಬುಟ್ಟಿಗೆ ಓಡುತ್ತದೆ. ಎದೆಯ ಪುಕ್ಕ ತಾನೇ ಕಿತ್ತುಕೊಂಡು ಬರಿ ಚರ್ಮ ಮಾಡಿಕೊಂಡಿರುತ್ತದೆ. ದಿನಕ್ಕೊಮ್ಮೆ ದೊಡ್ಡದಾಗಿ, ತೀರಾ ನಾತ ಹೊಡೆಯುವಂಥ ಹಿಕ್ಕೆ ಹಾಕುತ್ತದೆ. ತುರಾಯಿಯ ಕೆಂಪು ಸ್ವಲ್ಪ ಮಾಸುತ್ತದೆ. ಇದೆಲ್ಲ ಸಹಜ.

ರೋಗದ ಕೋಳಿ ಹಾಗಲ್ಲ. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ತೂಗುತ್ತದೆ, ಕೈ ಹಾಕಿದರೂ ಸುಮ್ನೆ ಇರುತ್ತದೆ, ಹಿಕ್ಕೆ ಹಸಿರು ಅಥವಾ ಬಿಳಿ ನೀರಾಗಿರುತ್ತದೆ. ಬುಟ್ಟಿಗೆ ಹೋಗುವುದು, ಬರುವುದು, ತಿಣುಕುವುದು, ಬಾಲ ಮೇಲೆ ಕೆಳಗೆ ಮಾಡುವುದು ಕಂಡರೆ ಮೊಟ್ಟೆ ಸಿಕ್ಕಿಹಾಕಿಕೊಂಡಿರಬಹುದು. ಇವೆರಡಕ್ಕೂ ಪಶು ವೈದ್ಯರೇ ದಾರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕೂರಿಸುವುದಾದರೆ

ದಸರೆಯಿಂದ ಶಿವರಾತ್ರಿವರೆಗೆ ನಮ್ಮ ಕಡೆ ಕಾವಿಗೆ ಒಳ್ಳೆಯ ಕಾಲ. ಶಿವರಾತ್ರಿ ಕಳೆದ ಮೇಲೆ ಕೂರಿಸಿದರೆ ಮರಿ ಹೊರಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಏಪ್ರಿಲ್, ಮೇನಲ್ಲಂತೂ ನಾನು ಯಾರಿಗೂ ಹೇಳುವುದಿಲ್ಲ. ಕೂತ ಕೋಳಿ ದಿನಕ್ಕೊಂದು ಸಲ ಹದಿನೈದಿಪ್ಪತ್ತು ನಿಮಿಷ ಮಾತ್ರ ಏಳುತ್ತದೆ, ಆ ಬಿಸಿಲಿಗೆ ಅಷ್ಟು ನೀರು ಸಾಲದು. ಬಾಯಿ ತೆರೆದು ಏದುಸಿರು ಬಿಡುತ್ತಾ, ಮೊಟ್ಟೆ ಬಿಡಲಾರದೆ ಅಲ್ಲೇ ಪ್ರಾಣ ಬಿಡುವ ಕೋಳಿಗಳಿವೆ.

ಮೊದಲು ಅದರ ಮನಸ್ಸು ಗಟ್ಟಿ ಇದೆಯೇ ನೋಡಿ. ಎರಡು ಪ್ಲಾಸ್ಟಿಕ್ ಮೊಟ್ಟೆಯನ್ನೋ ಟೇಬಲ್ ಟೆನಿಸ್ ಚೆಂಡನ್ನೋ ಕೊಟ್ಟು ಎರಡು ರಾತ್ರಿ ಬಿಡಿ. ರಾತ್ರಿಯೂ ಅಲ್ಲೇ ಇದ್ದರೆ ಕೂರುತ್ತದೆ ಅಂತ ಅರ್ಥ. ಮೂರನೇ ರಾತ್ರಿ ನಿಜವಾದ ಮೊಟ್ಟೆ ಇಡಿ, ಎಲ್ಲವನ್ನೂ ಒಟ್ಟಿಗೇ. ಇವತ್ತೆರಡು ನಾಳೆ ಎರಡು ಅಂತ ಸೇರಿಸಿದರೆ ಮೊದಲ ಮರಿ ಹೊರಬಂದಾಗ ಕೋಳಿ ಎದ್ದು ಹೋಗುತ್ತದೆ, ಹಿಂದಿನವು ಹಾಳು.

ಜವಾರಿ ಕೋಳಿಯ ರೆಕ್ಕೆಯಡಿ ಹತ್ತು ಮೊಟ್ಟೆ ಸರಿಯಾಗಿ ಹಿಡಿಯುತ್ತವೆ, ದೊಡ್ಡದಾದರೆ ಹನ್ನೆರಡು. ಒಂದು ಮೊಟ್ಟೆ ಹೊರಗೆ ಕಾಣುವಂತಿದ್ದರೂ ಕಡಿಮೆ ಮಾಡಿ. ಕೋಳಿ ಮೊಟ್ಟೆಗಳನ್ನು ತಿರುಗಿಸುತ್ತಾ ಇರುವುದರಿಂದ ಇವತ್ತು ಒಂದು, ನಾಳೆ ಇನ್ನೊಂದು ತಣ್ಣಗಾಗುತ್ತಾ ಎಲ್ಲವೂ ಕೆಡುತ್ತವೆ. ಆರಿಸುವಾಗ ಐದು ದಿನಕ್ಕಿಂತ ಹಳೆಯದು ಬೇಡ, ಬಿರುಕು ಬಿಟ್ಟದ್ದು, ತೀರಾ ಉದ್ದ ಅಥವಾ ತೀರಾ ಗುಂಡಗಿರುವುದು ಬೇಡ. ಗಲೀಜಿದ್ದರೆ ತೊಳೆಯಬೇಡಿ, ತೊಳೆದರೆ ಚಿಪ್ಪಿನ ಮೇಲಿನ ಕಾಪು ಪದರ ಹೋಗುತ್ತದೆ. ಎಲ್ಲದರ ಮೇಲೂ ಪೆನ್ಸಿಲ್‌ನಿಂದ ಒಂದು ಗೀಟು ಹಾಕಿ. ಬೇರೆ ಕೋಳಿ ಬಂದು ಅದರಲ್ಲೇ ಮೊಟ್ಟೆ ಇಟ್ಟು ಹೋಗುತ್ತದೆ, ಗೀಟಿಲ್ಲದ್ದನ್ನು ಸಂಜೆ ತೆಗೆಯಬಹುದು. ಸಾಧ್ಯವಾದರೆ ಕಾವಿನ ಕೋಳಿಯನ್ನು ಬೇರೆಯೇ ಇಡಿ.

ಸ್ವರ್ಣಧಾರದ ಮೊಟ್ಟೆಯನ್ನೂ ಜವಾರಿ ಕೋಳಿಯಡಿ ಇಡಬಹುದು, ಮರಿಯಾಗುತ್ತವೆ. ಆದರೆ ಅವು ಮಿಶ್ರ ತಳಿ, ಮನೆಯಲ್ಲಿ ಹುಟ್ಟಿದ ಮರಿಗೆ ತಾಯಿಯಷ್ಟೇ ಮೊಟ್ಟೆ ಇಡುವ ಗುಣ ಬರುತ್ತದೆ ಅಂತ ನಂಬಬೇಡಿ.

ಬುಟ್ಟಿಯ ತಳಕ್ಕೆ ಮೂರು ಬೆರಳು ಮರಳು, ಅದರ ಮೇಲೆ ಒಲೆಯ ತಣ್ಣನೆ ಬೂದಿ, ಪುಡಿ ಮಾಡಿದ ಒಣ ಬೇವಿನ ಸೊಪ್ಪು, ಮೇಲೆ ನೆಲ್ಲು ಹುಲ್ಲು. ಬೂದಿ ಯಾಕೆಂದರೆ ಹೇನು. ಕೂತಲ್ಲೇ ಕೂತ ಕೋಳಿಗೆ ಹೇನು ಹತ್ತಿದರೆ ಕೆರೆತ ತಾಳದೆ ಹದಿನೈದನೇ ದಿನ ಎದ್ದುಬಿಡುತ್ತದೆ. ಕೂರಿಸುವ ಮುಂಚೆ ರೆಕ್ಕೆಯಡಿ, ಬಾಲದ ಕೆಳಗೆ ಒಮ್ಮೆ ನೋಡಿ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವ ರೂಢಿ ಹಲವು ಮನೆಗಳಲ್ಲಿದೆ, ಇಟ್ಟರೆ ತೊಂದರೆ ಏನಿಲ್ಲ.

ಏಳನೇ ದಿನ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಒಳಗೆ ಕೆಂಪು ನರಗಳು, ನಡುವೆ ಕಪ್ಪು ಚುಕ್ಕೆ ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಅದು ಬಂಜೆ ಮೊಟ್ಟೆ, ತೆಗೆದುಬಿಡಿ. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆ.

ಕೋಳಿಗೆ ಕಾಳು, ನೀರು ಎರಡು ಹೆಜ್ಜೆ ದೂರದಲ್ಲಿ ಇರಲಿ, ಎದ್ದು ಹೋಗಿ ತಿನ್ನಬೇಕು. ಕೆಲವು ಕೋಳಿ ತಾನಾಗಿ ಏಳುವುದೇ ಇಲ್ಲ, ಅಂಥದನ್ನು ದಿನಕ್ಕೊಮ್ಮೆ ಎತ್ತಿ ಹೊರಗೆ ಬಿಡಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿದೆಯೇ ನೋಡಿಕೊಳ್ಳಿ. ಬಿಸಿಲು ಏರಿದ್ದರೆ ಬುಟ್ಟಿಯ ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಹದಿನೆಂಟನೇ ದಿನದಿಂದ ಮೊಟ್ಟೆ ಮುಟ್ಟಬೇಡಿ.

ಇರುವೆ! ಇದನ್ನು ಬಹಳ ಜನ ಮರೆಯುತ್ತಾರೆ. ಇಪ್ಪತ್ತನೇ ದಿನ ಮರಿ ಚಿಪ್ಪಿಗೆ ತೂತು ಹಾಕುತ್ತದೆ, ಆ ಹಸಿ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬಂದು ಚಿಪ್ಪಿನೊಳಗಿನ ಮರಿಯನ್ನೇ ಕಚ್ಚಿ ಸಾಯಿಸುತ್ತವೆ. ಬುಟ್ಟಿಯನ್ನು ನಾಲ್ಕು ಕಾಲಿನ ಸ್ಟೂಲ್ ಮೇಲೆ ಇಟ್ಟು ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಸ್ಟೂಲ್ ಗೋಡೆಗೆ ತಾಗಿರಬಾರದು. ಬುಟ್ಟಿ ಎತ್ತರದಲ್ಲಿರುವುದರಿಂದ ಮೊದಲ ಮರಿಗಳು ಒಣಗಿ ಓಡಾಡಲು ಶುರು ಮಾಡಿದಾಗ ನೆಲಕ್ಕೆ ಇಳಿಸಿಬಿಡಿ.

ಮರಿ ಹೊರಬರಲು ತಡವಾಯಿತು ಅಂತ ನೀವು ಚಿಪ್ಪು ಬಿಡಿಸಬೇಡಿ, ರಕ್ತ ಹರಿದು ಸಾಯುತ್ತದೆ. ತೂತು ಹಾಕಿದ ಮೇಲೆ ಒಂದು ದಿನ ಹಿಡಿಯುವುದು ಸಾಮಾನ್ಯ. ಹೊರಬಂದ ಮರಿಗೆ ಹೊಟ್ಟೆಯೊಳಗೆ ಹಳದಿಯ ಶೇಷ ಇರುತ್ತದೆ, ಒಂದು ದಿನ ಮೇವಿಲ್ಲದಿದ್ದರೂ ನಡೆಯುತ್ತದೆ. ಆಮೇಲೆ ಸಣ್ಣ ನುಚ್ಚು ಅಥವಾ ಮರಿ ಫೀಡ್ ಕೊಡಿ, ಚಪ್ಪಟೆ ತಟ್ಟೆಯಲ್ಲಿ ಹರಳು ಹಾಕಿ ನೀರಿಡಿ. ಹರಳಿಲ್ಲದಿದ್ದರೆ ಮುಳುಗುತ್ತವೆ.

ಎಬ್ಬಿಸುವುದಾದರೆ

ಹುಂಜ ಇಲ್ಲ, ಅಥವಾ ಬೇಸಿಗೆ, ಅಥವಾ ಮರಿ ನೋಡಿಕೊಳ್ಳಲು ಆಗುವುದಿಲ್ಲ. ಹಾಗಾದರೆ ಕಂಡ ದಿನವೇ ಶುರು ಮಾಡಿ. ಒಂದು ದಿನ ಕೂತದ್ದನ್ನು ಎಬ್ಬಿಸುವುದು ಸುಲಭ, ಹತ್ತು ದಿನ ಕೂತದ್ದನ್ನು ಎಬ್ಬಿಸುವುದು ಬಹಳ ಕಷ್ಟ. ಎಬ್ಬಿಸದೆ, ಮೊಟ್ಟೆಯೂ ಇಡದೆ ಬರಿ ಬುಟ್ಟಿಯಲ್ಲಿ ಬಿಟ್ಟರೆ ಅದು 21 ದಿನಕ್ಕೆ ನಿಲ್ಲಿಸುವುದಿಲ್ಲ, ಮರಿ ಬರಲಿಲ್ಲವಲ್ಲ ಅಂತ ಇನ್ನೂ ಕೂರುತ್ತಲೇ ಇರುತ್ತದೆ, ಮೈ ಇಳಿದು ಎದೆ ಮೂಳೆ ಕೈಗೆ ಸಿಗುವಂತಾಗುತ್ತದೆ.

ಮೊದಲ ದಿನ ಮೊಟ್ಟೆಯೆಲ್ಲ ತೆಗೆದು, ಸಂಜೆ ಕೋಳಿಯನ್ನು ಎತ್ತಿ ಉಳಿದವುಗಳ ಜೊತೆ ಕೋಲಿನ ಮೇಲೆ ಕೂರಿಸಿ. ಬೆಳಗ್ಗೆ ಬೇರೆ ಕೋಳಿಗಳು ಮೊಟ್ಟೆ ಇಟ್ಟಾದ ಮೇಲೆ ಬುಟ್ಟಿಯನ್ನೇ ಎತ್ತಿಡಿ. ಎರಡು ದಿನದಲ್ಲಿ ಅರ್ಧದಷ್ಟು ಕೋಳಿಗಳು ಇಷ್ಟಕ್ಕೇ ಬಿಡಬಹುದು.

ಬಿಡಲಿಲ್ಲ ಅಂದರೆ ಬೋನು. ತಳಕ್ಕೂ ಜಾಲರಿ ಇರುವ ಬೋನು ಬೇಕು, ಹಲಗೆ ಬೇಡ, ಹುಲ್ಲು ಬೇಡ. ಎರಡೂ ಕಡೆ ಇಟ್ಟಿಗೆ ಇಟ್ಟು ಎತ್ತರಿಸಿ, ಕೆಳಗಿಂದ ಗಾಳಿ ಆಡಬೇಕು. ಕೂರುವ ಕೋಳಿಗೆ ಹೊಟ್ಟೆಯಡಿ ಬೆಚ್ಚಗೆ, ಮೆತ್ತಗೆ ಇರಬೇಕು. ಅದು ಸಿಗದಿದ್ದರೆ ಹಾರ್ಮೋನು ಇಳಿಯುತ್ತದೆ. ಬೋನನ್ನು ಬೆಳಕಿರುವ ಕಡೆ, ಆದರೆ ನೆರಳಲ್ಲಿ ಇಡಿ, ಉಳಿದ ಕೋಳಿಗಳು ಕಣ್ಣಿಗೆ ಕಾಣುವಂತಿರಲಿ. ಒಳಗೆ ಕಾಳು, ನೀರು ಧಾರಾಳವಾಗಿ ಇರಲಿ. ಬೇಸಿಗೆಯಲ್ಲಿ ನಮ್ಮ ಗಾಳಿಯೇ ಬಿಸಿ, ಹಾಗಾಗಿ ಗಾಳಿ ಬೀಸುವ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ. ರಾತ್ರಿ ಬೋನನ್ನು ಒಳಗೆ ತಂದಿಡಿ, ಬೆಕ್ಕು ನಾಯಿ ಕಾಟ ಇರುತ್ತದೆ.

ಮೂರು ದಿನ ಆದ ಮೇಲೆ ಬಿಟ್ಟು ನೋಡಿ. ಗುಂಪಿನ ಜೊತೆ ಕೆದಕಲು ಹೋದರೆ ಆಯಿತು. ನೇರ ಬುಟ್ಟಿ ಹುಡುಕಿಕೊಂಡು ಹೋದರೆ ಇನ್ನೆರಡು ದಿನ ಬೋನು. ಬಿಟ್ಟ ಮೇಲೆ ಒಂದರಿಂದ ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರುವಾಗುತ್ತದೆ. ಆ ದಿನಗಳಲ್ಲಿ ಶೇಂಗಾ ಹಿಂಡಿ, ಸೊಪ್ಪು ಸ್ವಲ್ಪ ಜಾಸ್ತಿ ಕೊಡಿ.

ಈಗ ಮಾಡಬಾರದ್ದು. ಬಕೆಟ್ ನೀರಲ್ಲಿ ಮುಳುಗಿಸುವುದು, ಮೂಗಿನ ತೂತಿಗೆ ಪುಕ್ಕ ಚುಚ್ಚುವುದು, ಕಾಲಿಗೆ ಹಗ್ಗ ಕಟ್ಟಿ ಬಿಸಿಲಲ್ಲಿ ಬಿಡುವುದು, ಕಾಳು ನೀರು ಕೊಡದೆ ಉಪವಾಸ ಕೆಡವುವುದು. ಇವೆಲ್ಲ ನಡೆಯುತ್ತವೆ, ಕೋಳಿ ಕೊನೆಗೆ ಎದ್ದೂ ಬಿಡಬಹುದು. ಆದರೆ ಅದು ಈಗಾಗಲೇ ಅರ್ಧ ಹೊಟ್ಟೆಯಲ್ಲಿ ಇರುವ ಜೀವ. ಪುಕ್ಕ ಚುಚ್ಚಿದ ಮೂಗು ಕೀವಾಗುತ್ತದೆ, ಉಪವಾಸ ಬಿದ್ದ ಕೋಳಿ ಮತ್ತೆ ಮೊಟ್ಟೆಗೆ ಬರಲು ಇನ್ನೂ ತಡ, ಬಿಸಿಲಿಗೆ ಕಟ್ಟಿದ್ದು ಸಂಜೆಯೊಳಗೆ ಸತ್ತಿರುತ್ತದೆ. ಬೋನಿನಲ್ಲಿ ನಾಲ್ಕು ದಿನಕ್ಕೆ ಆಗುವ ಕೆಲಸಕ್ಕೆ ಇಷ್ಟು ಹಿಂಸೆ ಯಾಕೆ?

ಮೂರನೇ ದಾರಿ

ಹುಂಜ ಇಲ್ಲದವರಿಗೆ ಇದು ತುಂಬಾ ಉಪಯೋಗ. ಕೋಳಿಯನ್ನು ಪ್ಲಾಸ್ಟಿಕ್ ಮೊಟ್ಟೆಯ ಮೇಲೆ ಎರಡು ಮೂರು ವಾರ ಕೂರಿಸಿ, ಅಷ್ಟರಲ್ಲಿ ಒಂದು ದಿನದ ಮರಿಗಳನ್ನು ತನ್ನಿ, ಲಸಿಕೆ ಹಾಕಿದ್ದೇ ಇರಲಿ. ರಾತ್ರಿ ಕತ್ತಲಲ್ಲಿ ಪ್ಲಾಸ್ಟಿಕ್ ಮೊಟ್ಟೆ ಒಂದೊಂದೇ ತೆಗೆದು ಮರಿ ಒಂದೊಂದೇ ರೆಕ್ಕೆಯಡಿ ತೂರಿಸಿ. ಬೆಳಗ್ಗೆ ಬೇಗ ಎದ್ದು ನೋಡಿ. ಮರಿಗಳನ್ನು ಕರೆದು ಕಾಳು ತೋರಿಸುತ್ತಿದ್ದರೆ ಒಪ್ಪಿಕೊಂಡಿದೆ. ಕುಕ್ಕುತ್ತಿದ್ದರೆ ತಕ್ಷಣ ಬೇರೆ ಮಾಡಿ ಬಲ್ಬಿನ ಕೆಳಗೆ ಇಡಿ. ಒಪ್ಪಿದರೆ ಬಲ್ಬೂ ಬೇಡ, ಕರೆಂಟ್ ಹೋದರೆ ಎಂಬ ಚಿಂತೆಯೂ ಇಲ್ಲ. ಹದ್ದು ಕಂಡರೆ ಮರಿಗೆ ಕೂಗಿ ಹೇಳುವ ಕೆಲಸವನ್ನೂ ತಾಯಿಯೇ ಮಾಡುತ್ತದೆ.

ಲಸಿಕೆ ಬಿಡಬೇಡಿ

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಓಣಿಯ ಕೋಳಿಗಳೆಲ್ಲ ವಾರದೊಳಗೆ ಖಾಲಿ. ಅದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರಕ್ಕೆ ಇಂಜೆಕ್ಷನ್. ಕೋಳಿ ಸಿಡುಬಿನ ಲಸಿಕೆಯನ್ನೂ ಕೇಳಿ ಹಾಕಿಸಿ. ಲಸಿಕೆಯ ಬಾಟಲಿ ತೆರೆದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಒಂದು ಬಾಟಲಿಯಲ್ಲಿ ನೂರಾರು ಮರಿಗೆ ಆಗುವಷ್ಟು ಇರುತ್ತದೆ. ಹಾಗಾಗಿ ಓಣಿಯಲ್ಲಿ ಕೋಳಿ ಇರುವವರೆಲ್ಲ ಸೇರಿ ಒಂದೇ ದಿನ ಹಾಕಿಸುವುದು ಒಳ್ಳೆಯದು. ಐಸ್ ಇಟ್ಟ ಫ್ಲಾಸ್ಕ್‌ನಲ್ಲೇ ತರಬೇಕು, ನಮ್ಮ ಬಿಸಿಲಿಗೆ ಜೇಬಲ್ಲಿ ತಂದ ಲಸಿಕೆ ನೀರಿಗೆ ಸಮ.

2025ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ಕಡೆ ಹಕ್ಕಿ ಜ್ವರ ಕಂಡಿತ್ತು. ಒಮ್ಮೆಗೇ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ಕೊಯ್ಯಬೇಡಿ, ಮಾರಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸಂತೆಯಿಂದ ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಟ್ಟಿ, ಆಮೇಲೆ ಗುಂಪಿಗೆ ಸೇರಿಸಿ. ಕಾವಿಗೆ ಕೂತ ಕೋಳಿಯ ಹತ್ತಿರವಂತೂ ಹೊಸದನ್ನು ಬಿಡಲೇಬೇಡಿ.